ಕ್ರ್ಯಾಶ್ ನಿಂತರೆ ತಪ್ಪು ಹೋಯಿತೆ?

‘ಈಗ ಕ್ರ್ಯಾಶ್ ಆಗ್ತಾ ಇಲ್ಲ ತಾನೆ? ಮತ್ತಿನ್ನೇನು ಹುಡುಕ್ತಾ ಕೂತಿದೀಯ?’

ಕಳೆದ ಒಂದು ವರ್ಷದಲ್ಲಿ ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಕೇಳಿದವರಲ್ಲಿ ಹಿರಿಯ ಅಧ್ಯಾಪಕರಿದ್ದಾರೆ, ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ಗೆಳೆಯರಿದ್ದಾರೆ, ಪಕ್ಕದ ಮೇಜಿನ ಸಹಸಂಶೋಧಕರಿದ್ದಾರೆ. ಎಲ್ಲರೂ ನನ್ನ ಒಳ್ಳೆಯದಕ್ಕೇ ಕೇಳಿದವರು. ಪಿಎಚ್.ಡಿ. ಅವಧಿ ಮುಗಿಯುತ್ತ ಬಂತು, ಈ ಪ್ರಾಣಿ ಇನ್ನೂ ಪ್ರೋಗ್ರಾಮಿನ ಹೊಟ್ಟೆಯೊಳಗೆ ಕೈಯಿಟ್ಟು ಕೂತಿದೆಯಲ್ಲ ಎಂಬ ಮರುಕ ಅವರದು. ಆದರೂ ಈ ಪ್ರಶ್ನೆಯ ಮೇಲೆ ನನಗೆ ಸಿಟ್ಟಿದೆ. ಕನ್ನಡ ಪಠ್ಯಗಳನ್ನು ಕಂಪ್ಯೂಟರಿನಲ್ಲಿಟ್ಟು ಎಣಿಸಿ, ಜೋಡಿಸಿ, ಅದರಿಂದ ಭಾಷೆಯ ಬಗ್ಗೆ ಏನನ್ನೋ ಹೇಳುತ್ತೇವೆಂದು ಹೊರಟಿರುವ ನಾವು, ಪ್ರೋಗ್ರಾಮು ಬೀಳದೆ ಕೊನೆ ಮುಟ್ಟಿತು ಎಂಬುದನ್ನೇ ಅದು ಹೇಳಿದ್ದು ನಿಜ ಎಂಬುದಕ್ಕೆ ಪುರಾವೆಯೆಂದು ನಂಬಿಬಿಟ್ಟಿದ್ದೇವೆ. ಆ ನಂಬಿಕೆಯಲ್ಲಿ ನಾನೇ ಒಂದು ವಿಚಾರ ಸಂಕಿರಣದಲ್ಲಿ ಸುಳ್ಳು ಪ್ರಬಂಧ ಓದಿ ಬಂದೆ. ಹಾಗಾಗಿ ಈ ಜಗಳದಲ್ಲಿ ನಾನೂ ಒಬ್ಬ ಆರೋಪಿ.

ನನ್ನ ಅಧ್ಯಯನ ಹಳಗನ್ನಡ, ನಡುಗನ್ನಡ ಕಾವ್ಯಗಳ ಪದಬಳಕೆಯದು. ಅದರಲ್ಲೂ ಒಂದು ಕೃತಿಯಲ್ಲಿ ಒಮ್ಮೆಯೋ ಎರಡು ಸಲವೋ ಮಾತ್ರ ಬಂದುಹೋಗುವ ಅಪರೂಪದ ಪದಗಳದು. ನಾನು ಸೇರುವ ಎಷ್ಟೋ ವರ್ಷ ಮೊದಲು ನಮ್ಮಲ್ಲಿ ಯಾರೋ ಪುಣ್ಯಾತ್ಮರು ಈ ಪಠ್ಯಗಳನ್ನೆಲ್ಲ ಟೈಪು ಮಾಡಿಸಿಟ್ಟಿದ್ದರು. ಯೂನಿಕೋಡ್ ಬಳಕೆಗೆ ಬರುವುದಕ್ಕಿಂತ ಹಿಂದಿನ ಫಾಂಟುಗಳಲ್ಲಿ. ಆ ಫಾಂಟುಗಳ ಕಥೆ ಗೊತ್ತಿರುವವರಿಗೆ ಹೇಳಬೇಕಿಲ್ಲ, ಗೊತ್ತಿಲ್ಲದವರಿಗೆ ಒಂದು ಮಾತು: ಅಲ್ಲಿ ಸಂಖ್ಯೆ ಇರುವುದು ಅಕ್ಷರಕ್ಕಲ್ಲ, ಅಕ್ಷರದ ತುಂಡಿಗೆ. ಕೊಂಬಿಗೊಂದು, ಒತ್ತಿಗೊಂದು, ದೀರ್ಘಕ್ಕೊಂದು. ‘ಕರ್ಮ’ ಎಂದು ಬರೆದರೆ ಅರ್ಕಾವೊತ್ತು ಕಣ್ಣಿಗೆ ಕಾಣುವ ಹಾಗೆಯೇ ಮಕಾರದ ನಂತರ ಕೂತಿರುತ್ತದೆ. ಯೂನಿಕೋಡಿನಲ್ಲಿ ಉಚ್ಚಾರದ ಕ್ರಮ: ಮೊದಲು ರಕಾರ, ಆಮೇಲೆ ಹಲಂತ, ಆಮೇಲೆ ಮಕಾರ. ಒಂದರಿಂದ ಇನ್ನೊಂದಕ್ಕೆ ಹೋಗಬೇಕೆಂದರೆ ತುಂಡುಗಳನ್ನು ಹೆಕ್ಕಿ, ಹಿಂದುಮುಂದು ಮಾಡಿ, ಹೊಸದಾಗಿ ಜೋಡಿಸಬೇಕು. ಒಂದು ಫಾಂಟಿನ ನಿಯಮ ಇನ್ನೊಂದಕ್ಕೆ ಆಗುವುದಿಲ್ಲ. ಟೈಪು ಮಾಡಿದವರ ಅಭ್ಯಾಸಗಳು ಬೇರೆ.

ಈ ಪಠ್ಯಗಳಿಂದ ಪದಸೂಚಿ ತಯಾರಿಸಲು ಒಂದು ಹಳೆಯ ಪ್ರೋಗ್ರಾಮು ಇತ್ತು, ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದದ್ದು. ಬರೆದವರು ಕೆಲಸ ಬಿಟ್ಟು ಎಷ್ಟೋ ಕಾಲವಾಗಿತ್ತು. ಕಡತವನ್ನು ಓದಿ, ಪದಗಳನ್ನು ಬಿಡಿಸಿ, ಅಕಾರಾದಿಯಾಗಿ ಜೋಡಿಸಿ, ಯಾವ ಪದ ಯಾವ ಪದ್ಯದ ಯಾವ ಸಾಲಿನಲ್ಲಿದೆ ಎಂದು ಪಟ್ಟಿ ಕೊಡುತ್ತಿತ್ತು. ಚೆನ್ನಾಗಿಯೇ ಕೊಡುತ್ತಿತ್ತು. ನನಗೆ ಬೇಕಾಗಿದ್ದು ಯೂನಿಕೋಡ್ ಪಟ್ಟಿ. ಪರಿವರ್ತನೆಯ ನಿಯಮಗಳು ದಿನಕ್ಕೊಂದು ಹೊಸದು ಹುಟ್ಟುತ್ತಿದ್ದವು. ಪ್ರತಿ ಸಲವೂ ಇಡೀ ಪ್ರೋಗ್ರಾಮನ್ನು ಮತ್ತೆ ಕಂಪೈಲ್ ಮಾಡುವ ಬದಲು ನಿಯಮಗಳನ್ನು ಬೇರೊಂದು ಸಣ್ಣ ಭಾಷೆಯಲ್ಲಿ ಬರೆದು, ಆ ಭಾಷೆಯನ್ನೇ ಹಳೆಯ ಪ್ರೋಗ್ರಾಮಿನೊಳಗೆ ಕೂರಿಸಿಬಿಟ್ಟರೆ ಹೇಗೆ? ಇದಕ್ಕೆ ಎಂಬೆಡ್ ಮಾಡುವುದು ಎನ್ನುತ್ತಾರೆ. ನಾನು ಆರಿಸಿದ್ದು ಲುವಾ. 1993ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದ ಪೊಂಟಿಫಿಕಲ್ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ ಮೂವರು ಸೇರಿ ಮಾಡಿದ ಭಾಷೆ. ಅಲ್ಲಿನ ತೈಲ ಕಂಪನಿ ಪೆಟ್ರೊಬ್ರಾಸ್‌ನ ಕೆಲಸಗಳಿಗಾಗಿ ಹುಟ್ಟಿದ್ದು. ಪೋರ್ಚುಗೀಸಿನಲ್ಲಿ ಲುವಾ ಎಂದರೆ ಚಂದ್ರ. ಬೇರೆಯವರ ಪ್ರೋಗ್ರಾಮಿನೊಳಗೆ ಬಾಡಿಗೆಗಿರುವುದೇ ಅದರ ಕಸುಬು. ಗೇಮುಗಳಲ್ಲಿದೆ, ಫೋಟೊ ತಿದ್ದುವ ಲೈಟ್‌ರೂಮ್‌ನಲ್ಲಿದೆ. 2013ರಿಂದ ವಿಕಿಪೀಡಿಯಾದ ಟೆಂಪ್ಲೇಟುಗಳ ಹಿಂದೆಯೂ ಇದೆ, ಕನ್ನಡ ವಿಕಿಪೀಡಿಯಾದ್ದೂ ಸೇರಿ.

ಕೂರಿಸಿದೆ. ಸಣ್ಣ ಕಡತಗಳಿಗೆ ಸೊಗಸಾಗಿ ಓಡಿತು. ಒಂದು ಇಡೀ ಕಾವ್ಯವನ್ನು ಕೊಟ್ಟ ದಿನ ಅರ್ಧದಾರಿಯಲ್ಲಿ ‘ಸೆಗ್ಮೆಂಟೇಷನ್ ಫಾಲ್ಟ್’ ಎಂದು ಒಂದೇ ಸಾಲು ಹೇಳಿ ಸತ್ತುಬಿತ್ತು.

ಆಮೇಲಿನ ಕೆಲವು ತಿಂಗಳು ನಾನು ಮಾಡಿದ್ದೆಲ್ಲ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ. ಪ್ರೋಗ್ರಾಮು ಸತ್ತ ಜಾಗವನ್ನು ಡಿಬಗ್ಗರ್ ತೋರಿಸುತ್ತದೆ. ಅದು ತೋರಿಸಿದ್ದು ಹಳೆಯವರು ಬರೆದಿದ್ದ, ಪದಗಳನ್ನು ಅಕಾರಾದಿಯಾಗಿ ಜೋಡಿಸುವ ಫಂಕ್ಷನನ್ನು. ನೋಡಿದವರೆಲ್ಲ ಒಂದೇ ತೀರ್ಪು ಕೊಟ್ಟರು: ಹಳೆಯ ಕೋಡು, ಹೀಗೇ ಇರೋದು. ನಾನೂ ತಲೆಯಾಡಿಸಿ ಎರಡು ವಾರ ಕೂತು ಆ ಫಂಕ್ಷನನ್ನು ಹೊಸದಾಗಿ ಬರೆದೆ. ಕ್ರ್ಯಾಶು ಅಲ್ಲಿಂದ ಎದ್ದು ಪಟ್ಟಿ ಮುದ್ರಿಸುವ ಫಂಕ್ಷನ್ನಿಗೆ ಹೋಗಿ ಕೂತಿತು. ಒಬ್ಬ ಗೆಳೆಯ, ಪಾಯಿಂಟರ್ ಶೂನ್ಯವಾಗಿದೆಯೇ ಎಂದು ಪರೀಕ್ಷಿಸುವ ಸಾಲನ್ನು ಎಲ್ಲೆಡೆ ಸೇರಿಸು ಎಂದ. ಸೇರಿಸಿದೆ. ಪಾಯಿಂಟರ್ ಶೂನ್ಯವಾಗಿರಲಿಲ್ಲ, ಹಾಗಾಗಿ ಅದು ಏನನ್ನೂ ಹಿಡಿಯಲಿಲ್ಲ. ಏನಾಗುತ್ತಿದೆ ನೋಡೋಣವೆಂದು ನಡುವೆ ನಾಲ್ಕು ಪ್ರಿಂಟ್ ಸಾಲು ಹಾಕಿದೆ, ಕ್ರ್ಯಾಶೇ ಮಾಯ! ತೆಗೆದೆ, ಮತ್ತೆ ಹಾಜರ್. ಮನೆಯವರಿಗೆ ಕಾಣದೆ ಮಂತ್ರವಾದಿಗೆ ಮಾತ್ರ ಕಾಣುವ ದೆವ್ವದ ಹಾಗೆ.

ಕೊನೆಗೆ ನಾನು ಮಾಡಿದ್ದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹತ್ತು ಸಾಲಿನ ಒಂದು ಕಾವಲು ಸ್ಕ್ರಿಪ್ಟ್ ಬರೆದೆ. ಪ್ರೋಗ್ರಾಮು ಬಿದ್ದರೆ ಕಡತವನ್ನು ಎರಡು ತುಂಡು ಮಾಡಿ ಮತ್ತೆ ಓಡಿಸು. ಮತ್ತೆ ಬಿದ್ದರೆ ನಾಲ್ಕು ತುಂಡು. ಕೊನೆಗೆ ಎಲ್ಲ ಪಟ್ಟಿಗಳನ್ನೂ ಸೇರಿಸು. ರಾತ್ರಿ ಹಾಕಿ ಹೋದರೆ ಬೆಳಿಗ್ಗೆ ಪದಸೂಚಿ ಸಿದ್ಧ. ಇಡೀ ವಿಭಾಗ ಮೆಚ್ಚಿತು. ಆ ಪದಸೂಚಿಯ ಆಧಾರದ ಮೇಲೆ ಅಪರೂಪದ ಪದಗಳ ಬಗ್ಗೆ ಪ್ರಬಂಧ ಬರೆದು ಓದಿದೆ. ಚಪ್ಪಾಳೆಯೂ ಬಿತ್ತು.

ಅದಾದ ಮೇಲೆ ಒಂದು ಮಧ್ಯಾಹ್ನ, ಯಾವುದೋ ಬೇರೆ ಕಾರಣಕ್ಕೆ, ಪದಸೂಚಿಯಲ್ಲಿ ‘ಗರಗಸ’ ಎಂಬ ಪದ ಎಲ್ಲೆಲ್ಲಿದೆ ಎಂದು ನೋಡುತ್ತಿದ್ದೆ. ಒಂದು ಕಡೆ ನರಕದ ವರ್ಣನೆ. ಸರಿ, ಅಲ್ಲಿ ಗರಗಸ ಇರಬೇಕಾದ್ದೇ. ಅದಕ್ಕಿಂತ ಸ್ವಲ್ಪ ಮೊದಲಿನ ಇನ್ನೊಂದು ಪದ್ಯದಲ್ಲೂ ಇದೆ ಎಂದು ಪಟ್ಟಿ ಹೇಳುತ್ತಿತ್ತು. ಅದು ಮದುಮಗಳ ಅಲಂಕಾರದ ಪದ್ಯ. ಅಚ್ಚಾದ ಪುಸ್ತಕ ತೆಗೆದು ನೋಡಿದೆ. ಅಲ್ಲಿದ್ದ ಪದ ‘ಪಸದನ’. ಸಂಸ್ಕೃತದ ಪ್ರಸಾಧನದಿಂದ ಬಂದದ್ದು, ಅಲಂಕಾರ ಎಂದು ಅರ್ಥ. ನಮ್ಮ ಕಂಪ್ಯೂಟರು ಮದುಮಗಳ ಅಲಂಕಾರವನ್ನು ಕಿತ್ತು ಗರಗಸ ಹಿಡಿಸಿತ್ತು.

ಪಕ್ಕದವರಿಗೆ ಹೇಳಿ ನಕ್ಕೆ. ಐದು ನಿಮಿಷದ ಮೇಲೆ ನಗು ನಿಂತಿತು. ಗರಗಸದಂಥ ಒರಟು ಪದ ಬಂದದ್ದರಿಂದ ಕಣ್ಣಿಗೆ ಬಿತ್ತು. ಅಲ್ಲಿ ಇನ್ನಾವುದೋ ಸೌಮ್ಯವಾದ, ಸಂದರ್ಭಕ್ಕೆ ಒಗ್ಗುವ ಪದ ಬಂದು ಕೂತಿದ್ದರೆ? ಹಾಗೆ ಕೂತವು ಈ ಪಟ್ಟಿಯಲ್ಲಿ ಎಷ್ಟಿವೆ? ನಾನು ಪ್ರಬಂಧದಲ್ಲಿ ಎಣಿಸಿದ್ದೇನನ್ನು?

ಆಗ ಮೊದಲ ಸಲ ಲುವಾದ ಕೈಪಿಡಿಯನ್ನು ಕೂತು ಓದಿದೆ. ಅದುವರೆಗೆ ಓದಿರಲಿಲ್ಲ, ಅಲ್ಲಿಇಲ್ಲಿ ಸಿಕ್ಕ ಉದಾಹರಣೆಗಳನ್ನು ಅಂಟಿಸಿಕೊಂಡಿದ್ದೆ. ತಪ್ಪು ಎಲ್ಲಿತ್ತು ಎಂಬುದನ್ನು ತುಸು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನನ್ನ ಜಗಳವೆಲ್ಲ ಈ ವಿವರದ ಮೇಲೆ ನಿಂತಿದೆ.

ಲುವಾ ಮತ್ತು ಅದಕ್ಕೆ ಮನೆ ಕೊಟ್ಟ ಪ್ರೋಗ್ರಾಮು ನೇರವಾಗಿ ಕೊಟ್ಟುತೆಗೆದುಕೊಳ್ಳುವುದಿಲ್ಲ. ನಡುವೆ ಒಂದು ಸ್ಟ್ಯಾಕ್ ಇದೆ, ಮದುವೆಮನೆಯಲ್ಲಿ ಪೇರಿಸಿಟ್ಟ ತಟ್ಟೆಗಳ ಹಾಗೆ. ಲುವಾ ಒಂದು ಪದವನ್ನು ಪರಿವರ್ತಿಸಿ ಸ್ಟ್ಯಾಕಿನ ಮೇಲಿಡುತ್ತದೆ. ಪ್ರೋಗ್ರಾಮು ಅದು ಮೆಮೊರಿಯಲ್ಲಿ ಎಲ್ಲಿದೆ ಎಂಬ ವಿಳಾಸವನ್ನು ಕೇಳಿ ಪಡೆಯುತ್ತದೆ. ಈ ವಿಳಾಸವೇ ಪಾಯಿಂಟರ್. ಕೆಲಸವಾದ ಮೇಲೆ ತಟ್ಟೆ ತೆಗೆದುಬಿಡಬೇಕು, ಇಲ್ಲದಿದ್ದರೆ ಸ್ಟ್ಯಾಕ್ ತುಂಬುತ್ತದೆ. ಆದರೆ ತಟ್ಟೆ ತೆಗೆದ ಕ್ಷಣದಿಂದ ಆ ಪದ ಅನಾಥ. ಲುವಾದೊಳಗೆ ಅದನ್ನು ಬೇರೆ ಯಾರೂ ಹಿಡಿದುಕೊಂಡಿಲ್ಲವೆಂದರೆ ಗಾರ್ಬೇಜ್ ಕಲೆಕ್ಟರ್ ಎಂಬ ಕಸ ಗುಡಿಸುವವನು ಯಾವಾಗಲೋ ಒಮ್ಮೆ ಬಂದು ಗುಡಿಸಿಕೊಂಡು ಹೋಗುತ್ತಾನೆ. ಯಾವಾಗ ಬರುತ್ತಾನೆಂದು ಹೇಳಲಾಗದು. ಕಸ ಒಂದು ಮಟ್ಟಕ್ಕೆ ಬೆಳೆದಾಗ ಬರುತ್ತಾನೆ. ಸಣ್ಣ ಕಡತದಲ್ಲಿ ಅವನಿಗೆ ಬರುವ ಅಗತ್ಯವೇ ಬೀಳುವುದಿಲ್ಲ. ತಟ್ಟೆ ತೆಗೆದ ಮೇಲೆ ಆ ವಿಳಾಸವನ್ನು ನಂಬಬೇಡಿ, ಅದಕ್ಕೆ ಖಾತರಿಯಿಲ್ಲ ಎಂದು ಕೈಪಿಡಿ ಬಿಡಿಸಿ ಹೇಳಿದೆ.

ನಾನು ಮಾಡಿದ್ದು: ವಿಳಾಸ ಪಡೆದೆ, ತಟ್ಟೆ ತೆಗೆದೆ, ವಿಳಾಸವನ್ನು ಹಳೆಯ ಪ್ರೋಗ್ರಾಮಿನ ಪಟ್ಟಿಗೆ ಬರೆದಿಟ್ಟೆ. ಪುಸ್ತಕದಿಂದ ಟಿಪ್ಪಣಿ ಮಾಡಿಕೊಳ್ಳುವ ಬದಲು, ಪುಸ್ತಕ ಗ್ರಂಥಾಲಯದ ಯಾವ ಕಪಾಟಿನಲ್ಲಿದೆ ಎಂದಷ್ಟೇ ಬರೆದುಕೊಂಡು, ಪುಸ್ತಕವನ್ನು ಹಿಂದಿರುಗಿಸಿ ಮನೆಗೆ ಬಂದ ಹಾಗೆ.

ಹಳೆಯ ಪ್ರೋಗ್ರಾಮು ವಿಳಾಸಗಳನ್ನು ಬರೆದಿಟ್ಟುಕೊಳ್ಳುತ್ತಿದ್ದದ್ದು ತಪ್ಪೆ? ಖಂಡಿತ ಅಲ್ಲ. ಅದು ಇಡೀ ಕಡತವನ್ನು ಒಂದೇ ಸಲ ಮೆಮೊರಿಗೆ ತಂದುಕೊಂಡು, ಕೊನೆಯವರೆಗೂ ಹಾಗೆಯೇ ಇಟ್ಟುಕೊಳ್ಳುತ್ತಿತ್ತು. ಅದರ ಲೋಕದಲ್ಲಿ ಯಾವ ಪದವೂ ನಡುವೆ ಸಾಯುತ್ತಿರಲಿಲ್ಲ, ವಿಳಾಸ ಸಾಕಾಗಿತ್ತು. ಮೆಮೊರಿ ದುಬಾರಿಯಾಗಿದ್ದ ಕಾಲದಲ್ಲಿ ಒಂದೇ ಪದವನ್ನು ಎರಡು ಕಡೆ ನಕಲು ಮಾಡದಿದ್ದುದು ಜಾಣತನವೇ. ಲುವಾದ ಲೋಕದಲ್ಲಿ ಯಾರಿಗೂ ಬೇಡದ ಪದ ಸಾಯಬೇಕು, ಅದೂ ಸರಿಯೇ. ಎರಡು ಲೋಕಗಳ ಕರಾರುಗಳನ್ನೂ ಓದದೆ ಅವೆರಡನ್ನೂ ಗಂಟುಹಾಕಿದ್ದು ನಾನು. ಮೂರು ತಿಂಗಳು ಎಲ್ಲರೂ ಬೈದದ್ದು ಮಾತ್ರ, ಉತ್ತರ ಕೊಡಲು ಅಲ್ಲಿಲ್ಲದ ಆ ಹಳೆಯ ಲೇಖಕರನ್ನು.

ಈಗ ನೋಡಿ, ಗುಡಿಸಿಹೋದ ಪದದ ವಿಳಾಸಕ್ಕೆ ಮತ್ತೆ ಹೋದರೆ ಏನೇನಾಗಬಹುದು. ಖಾಲಿ ಮಾಡಿದ ಮನೆಯನ್ನು ಯಾರೂ ಕೂಡಲೇ ಸುಣ್ಣ ಬಳಿದು ಶುಚಿ ಮಾಡುವುದಿಲ್ಲ, ಮೆಮೊರಿಯೂ ಹಾಗೆಯೇ. ಹೊಸಬರು ಬರುವ ತನಕ ಹಳೆಯ ಅಕ್ಷರಗಳು ಅಲ್ಲೇ ಬಿದ್ದಿರುತ್ತವೆ. ಓದಿದರೆ ಸರಿಯಾದ ಪದವೇ ಸಿಗುತ್ತದೆ, ಅದೃಷ್ಟ. ಎರಡನೆಯದು, ಅಷ್ಟೇ ಅಳತೆಯ ಇನ್ನೊಂದು ಪದ ಆ ಮನೆಗೆ ಬಾಡಿಗೆಗೆ ಬಂದಿರುತ್ತದೆ. ಕನ್ನಡದ ಒಂದೊಂದು ಯೂನಿಕೋಡ್ ಸಂಕೇತ ಯುಟಿಎಫ್-8ರಲ್ಲಿ 3 ಬೈಟು ಹಿಡಿಯುತ್ತದೆ. ‘ಪಸದನ’ 12 ಬೈಟು, ‘ಗರಗಸ’ 12 ಬೈಟು. ಹೊಸಬ ಹಳಬನ ಅಳತೆಗೇ ಸರಿಯಾಗಿ ಕೂರುತ್ತಾನೆ. ಓದಿದವರಿಗೆ ಅಚ್ಚುಕಟ್ಟಾದ, ತಪ್ಪಿಲ್ಲದ, ಶುದ್ಧ ಕನ್ನಡ ಪದ ಸಿಗುತ್ತದೆ. ಅದು ಆ ಜಾಗದ ಪದವಲ್ಲ, ಅಷ್ಟೇ. ಮೂರನೆಯದು, ಆ ಬೀದಿಯನ್ನೇ ಆಪರೇಟಿಂಗ್ ಸಿಸ್ಟಮ್ ಹಿಂದಕ್ಕೆ ತೆಗೆದುಕೊಂಡಿರುತ್ತದೆ. ಅಲ್ಲಿಗೆ ಕಾಲಿಟ್ಟರೆ ಪ್ರೋಗ್ರಾಮು ಸಾಯುತ್ತದೆ.

ಈ ಮೂರರಲ್ಲಿ ಸದ್ದು ಮಾಡುವುದು ಮೂರನೆಯದೊಂದೇ. ನಾವೆಲ್ಲ ಸೇರಿ ಬಾಯಿ ಮುಚ್ಚಿಸಿದ್ದು ಅದನ್ನೇ. ನನ್ನ ಕಾವಲು ಸ್ಕ್ರಿಪ್ಟು ಮೂರನೆಯ ಸಂಭವವನ್ನು ಮಾತ್ರ ಅಳಿಸಿ, ಎರಡನೆಯದನ್ನು ಹಾಗೆಯೇ ಬಿಟ್ಟು, ಅದರ ಮೇಲೆ ‘ಯಶಸ್ವಿ’ ಎಂದು ಮೊಹರು ಒತ್ತುತ್ತಿತ್ತು. ಈ ಕೆಲಸಕ್ಕೆ ದುರಸ್ತಿ ಎಂದು ಹೆಸರಿಡುವವರ ಜೊತೆ ನಾನು ಇನ್ನು ಮುಂದೆ ವಾದ ಮಾಡುತ್ತೇನೆಯೇ ಹೊರತು ಒಪ್ಪುವುದಿಲ್ಲ.

ವಾದಗಳು ಬಂದೇ ಬಂದವು. ಅದರಲ್ಲಿ ಗಟ್ಟಿಯಾದದ್ದು ಒಂದು: ಲಕ್ಷಗಟ್ಟಲೆ ಪದಗಳಲ್ಲಿ ಅಷ್ಟಿಷ್ಟು ಅದಲುಬದಲಾದರೆ ಸರಾಸರಿಗೆ ಏನಾಗುತ್ತದೆ? ತಪ್ಪುಗಳು ಎಲ್ಲ ಕಡೆ ಚದುರಿ ಒಂದಕ್ಕೊಂದು ಕಳೆದುಹೋಗುತ್ತವೆ. ಅಂಕಿಅಂಶ ಬಲ್ಲವರು ಹೇಳಿದ ಮಾತಾದ್ದರಿಂದ ನಾನೂ ಕೆಲವು ದಿನ ಅದರಲ್ಲಿ ಸಮಾಧಾನ ಹುಡುಕಿದೆ. ಆದರೆ ಈ ತಪ್ಪು ಚದುರುವ ಜಾತಿಯದಲ್ಲ. ಈಗಿನ ಲುವಾ 40 ಬೈಟುಗಳವರೆಗಿನ ಸಣ್ಣ ಪದಗಳನ್ನು ಒಂದೇ ಒಂದು ಪ್ರತಿಯಾಗಿ ಇಡುತ್ತದೆ. ಅದೇ ಪದ ಮತ್ತೆ ಹುಟ್ಟಿದರೆ ಹೊಸದು ಮಾಡದೆ ಇದ್ದದ್ದನ್ನೇ ಕೊಡುತ್ತದೆ. ಸಾಮಾನ್ಯ ಕನ್ನಡ ಪದಗಳೆಲ್ಲ ಈ ಅಳತೆಯೊಳಗೇ ಬರುತ್ತವೆ. ನನ್ನ ನಿಯಮಗಳ ಸ್ಕ್ರಿಪ್ಟಿನಲ್ಲಿ ವೇಗಕ್ಕಾಗಿ ಪದೇಪದೇ ಬರುವ ಪದಗಳದೊಂದು ಕೋಷ್ಟಕ ಇಟ್ಟಿದ್ದೆ. ಆ ಕೋಷ್ಟಕದಲ್ಲಿದ್ದ ಪದಗಳನ್ನು ಲುವಾ ಯಾವಾಗಲೂ ಹಿಡಿದುಕೊಂಡೇ ಇರುತ್ತಿತ್ತು. ಕಸ ಗುಡಿಸುವವನು ಅವನ್ನು ಮುಟ್ಟುವಂತಿರಲಿಲ್ಲ. ಅವುಗಳ ವಿಳಾಸ ಎಂದೂ ಸುಳ್ಳಾಗುತ್ತಿರಲಿಲ್ಲ. ಗುಡಿಸಿಹೋಗುತ್ತಿದ್ದುದು ಕೋಷ್ಟಕದಲ್ಲಿಲ್ಲದವು, ಅಂದರೆ ಒಮ್ಮೆ ಬಂದು ಮರೆಯಾಗುವವು, ಅಂದರೆ ನನ್ನ ಪ್ರಬಂಧದ ವಸ್ತುವೇ. ‘ಮತ್ತು’, ‘ಎಂದು’ಗಳೆಲ್ಲ ಕ್ಷೇಮ, ‘ಪಸದನ’ ಬೀದಿಪಾಲು. ಅಪರೂಪದ ಪದಗಳನ್ನು ಹುಡುಕಲು ನಾನು ಕಟ್ಟಿಕೊಂಡ ಯಂತ್ರ ಅಪರೂಪದ ಪದಗಳನ್ನೇ ಆರಿಸಿ ಆರಿಸಿ ತಿನ್ನುತ್ತಿತ್ತು.

ಇನ್ನೊಂದು ವಾದ ಗೆಳೆಯರದು. ಹಳೆಯದನ್ನು ಬಿಸಾಕಿ ಎಲ್ಲವನ್ನೂ ಪೈಥಾನಿನಲ್ಲೋ ರಸ್ಟ್‌ನಲ್ಲೋ ಹೊಸದಾಗಿ ಬರಿ ಎನ್ನುತ್ತಾರೆ. ಇದರಲ್ಲಿ ಅರ್ಧ ನಿಜವಿದೆ, ಅದನ್ನು ಒಪ್ಪದಿರುವುದು ಹಟವಾದೀತು. ಸತ್ತ ವಿಳಾಸವನ್ನು ಓದುವ ತಪ್ಪನ್ನು ಇಂಥ ಭಾಷೆಗಳು ಬಾಗಿಲಲ್ಲೇ ತಡೆಯುತ್ತವೆ. ಆದರೆ ಹಳೆಯ ಪ್ರೋಗ್ರಾಮಿನಲ್ಲಿ ಇದ್ದದ್ದು ಬರೀ ಕೋಡಲ್ಲ. ಱಕಾರ, ೞಕಾರಗಳನ್ನು ಯಾವ ಫಾಂಟು ಯಾವ ತುಂಡಿನಿಂದ ತೋರಿಸುತ್ತಿತ್ತು, ಯಾವ ಕಡತದಲ್ಲಿ ಟೈಪು ಮಾಡಿದವರು ಅವಕ್ಕೆ ಬೇರೆ ಕೀಲಿ ಒತ್ತಿದ್ದರು, ಪದ್ಯದ ಸಂಖ್ಯೆ ಸಾಲಿನ ನಡುವೆ ಸಿಕ್ಕಿಕೊಂಡಿದ್ದರೆ ಹೇಗೆ ಬಿಡಿಸಬೇಕು, ಇಂಥ ಹತ್ತಾರು ಸಂಗತಿಗಳು ಅಲ್ಲಲ್ಲಿ ‘ಒಂದು ವೇಳೆ ಹೀಗಿದ್ದರೆ’ ಎಂಬ ಸಾಲುಗಳಾಗಿ ಕೂತಿವೆ. ಹೊಸದಾಗಿ ಬರೆಯುವವರು ಅವನ್ನು ಕೊಳಕು ಎಂದು ಅಳಿಸುತ್ತಾರೆ. ಆಮೇಲೆ ವರ್ಷಗಟ್ಟಲೆ ಒಂದೊಂದಾಗಿ ಮತ್ತೆ ಕಂಡುಹಿಡಿಯುತ್ತಾರೆ. ಮೇಲಾಗಿ ಪೈಥಾನನ್ನು ಇನ್ನೊಂದು ಪ್ರೋಗ್ರಾಮಿನೊಳಗೆ ಕೂರಿಸಿದರೂ ಇದೇ ಪೀಡೆ ಬೇರೆ ವೇಷದಲ್ಲಿ ಕಾದಿರುತ್ತದೆ. ಅಲ್ಲಿ ಪ್ರತಿ ವಸ್ತುವಿಗೂ ಎಷ್ಟು ಜನ ಹಿಡಿದುಕೊಂಡಿದ್ದಾರೆಂಬ ಲೆಕ್ಕವಿರುತ್ತದೆ. ಪಟ್ಟಿಯಿಂದ ಒಂದು ವಸ್ತುವನ್ನು ಕೇಳಿದರೆ ಒಂದು ಫಂಕ್ಷನ್ ಅದನ್ನು ಎರವಲು ಕೊಡುತ್ತದೆ, ಇನ್ನೊಂದು ಸ್ವಂತಕ್ಕೆ ಕೊಡುತ್ತದೆ. ಎರವಲು ತಂದದ್ದನ್ನು ಸ್ವಂತದ್ದೆಂದುಕೊಂಡರೆ ಮುಗಿಯಿತು ಕಥೆ. ಗಡಿ ಎಲ್ಲಿದೆಯೋ ಅಲ್ಲಿ ಯಾರದು ಯಾವುದು ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಭಾಷೆ ಬದಲಿಸಿ ಅದರಿಂದ ತಪ್ಪಿಸಿಕೊಂಡೆ ಎನ್ನುವವರು ಗಡಿಯನ್ನು ಇನ್ನೊಂದು ಊರಿಗೆ ಸಾಗಿಸಿರುತ್ತಾರೆ.

ತಪ್ಪನ್ನು ಹಿಡಿದದ್ದು ಹೇಗೆ ಎಂದೂ ಹೇಳಬೇಕು. ಅದು ನಾವು ಸಾಮಾನ್ಯವಾಗಿ ಮಾಡುವುದಕ್ಕೆ ತದ್ವಿರುದ್ಧ. ಕ್ರ್ಯಾಶ್ ಕಡಿಮೆ ಮಾಡುವ ಬದಲು ಹೆಚ್ಚು ಮಾಡಬೇಕು. ಕಸ ಗುಡಿಸುವವನು ಯಾವಾಗಲೋ ಬರುತ್ತಾನೆ ಎಂಬುದೇ ಗೊಂದಲದ ಮೂಲವಾದರೆ, ಪ್ರತಿ ತಟ್ಟೆ ತೆಗೆದ ಮೇಲೂ ಅವನನ್ನು ಕರೆದುಬಿಡುವುದು. ಲುವಾದಲ್ಲಿ ಅದಕ್ಕೆ ಒಂದು ಸಾಲು ಸಾಕು. ಪ್ರೋಗ್ರಾಮು ಆಮೆಯಾಗುತ್ತದೆ, ಆಗಲಿ. ಅದರ ಜೊತೆಗೆ ಆಡ್ರೆಸ್ ಸ್ಯಾನಿಟೈಸರ್ ಎಂಬ ಸಾಧನವನ್ನು ಸೇರಿಸಿ ಕಂಪೈಲ್ ಮಾಡಿದೆ. ಗೂಗಲ್‌ನವರು ಮಾಡಿ, 2012ರಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟಿಸಿದ್ದು. ಉಚಿತ, ಈಗಿನ ಕಂಪೈಲರುಗಳಲ್ಲೇ ಇದೆ. ಮೊದಲು ಇಡೀ ಕಾವ್ಯದ ನಡುವೆಯೆಲ್ಲೋ ಬೀಳುತ್ತಿದ್ದದ್ದು ಈಗ ಮೊದಲ ಪದ್ಯದಲ್ಲೇ ಬಿತ್ತು. ವರದಿಯಲ್ಲಿ ಮೂರು ಸಂಗತಿ ಇತ್ತು: ಸತ್ತ ಮೆಮೊರಿಯನ್ನು ಈಗ ಓದಿದ್ದು ಯಾವ ಸಾಲು, ಅದನ್ನು ಬಿಡುಗಡೆ ಮಾಡಿದ್ದು ಯಾವ ಸಾಲು, ಮೊದಲು ಪಡೆದದ್ದು ಯಾವ ಸಾಲು. ಓದಿದ ಜಾಗ ಹಳೆಯವರದು. ಬಿಡುಗಡೆ ಮಾಡಿದ್ದು ಲುವಾದ ಕಲೆಕ್ಟರ್. ಪಡೆದದ್ದು ನಾನು ಬರೆದ ಗಡಿಯ ಕೋಡು. ಮೂರು ತಿಂಗಳು ಕಾಣದ್ದು ಅರ್ಧ ಗಂಟೆಯಲ್ಲಿ ಕಂಡಿತು. ದುರಸ್ತಿಗೆ ಬೇಕಾದದ್ದು ಒಂದೇ ಸಾಲು: ತಟ್ಟೆ ತೆಗೆಯುವ ಮೊದಲು ಪದವನ್ನು ನಕಲು ಮಾಡಿಕೊಳ್ಳುವುದು.

ಹುಡುಕುತ್ತ ಹೋದಾಗ ಇನ್ನೆರಡು ಸಿಕ್ಕವು. ಒಂದು, ಸಾಲಿಗೆಂದು ಹಳೆಯವರು ಇಟ್ಟಿದ್ದ ಜಾಗ. ತುಂಡಿಗೊಂದು ಬೈಟಿನ ಲೆಕ್ಕಕ್ಕೆ ಧಾರಾಳವಾಗಿದ್ದದ್ದು, ಸಂಕೇತಕ್ಕೆ 3 ಬೈಟಾದಾಗ ಉದ್ದ ಸಾಲುಗಳಿಗೆ ಸಾಲದೆ ಪಕ್ಕದವರ ಜಾಗಕ್ಕೆ ಹರಿಯುತ್ತಿತ್ತು. ಇನ್ನೊಂದು, ಲುವಾದಲ್ಲಿ ತಪ್ಪು ಸಂಭವಿಸಿದರೆ ಅದು ಮಹಡಿಯಿಂದ ಮೆಟ್ಟಿಲಿಳಿಯದೆ ನೇರ ಬೀದಿಗೆ ಜಿಗಿಯುತ್ತದೆ. ಇಳಿಯುವ ದಾರಿಯಲ್ಲಿ ದೀಪ ಆರಿಸಿ ಬಾಗಿಲು ಹಾಕಬೇಕಾದ ಸಿ ಪ್ಲಸ್ ಪ್ಲಸ್‌ನ ಕೆಲಸಗಳು ಹಾಗೇ ಉಳಿದುಬಿಡುತ್ತವೆ. ಎರಡೂ ಗಡಿಯವೇ.

ಇದೆಲ್ಲ ಎಂಜಿನಿಯರುಗಳ ತಲೆನೋವು, ಸಾಹಿತ್ಯದವರಿಗೆ ಯಾಕೆ ಎಂದು ಈ ಪತ್ರಿಕೆಯ ಓದುಗರಲ್ಲಿ ಕೆಲವರಾದರೂ ಕೇಳಬಹುದು. ಸಾಹಿತ್ಯದವರೇ ಇದನ್ನು ಮೊದಲು ಬಲ್ಲವರಾಗಿದ್ದರು ಎಂಬುದು ನನ್ನ ತಕರಾರು. ಗ್ರಂಥಸಂಪಾದನೆ ಎಂಬ ಶಿಸ್ತು ನಮ್ಮಲ್ಲಿದೆ. ಡಿ.ಎಲ್. ನರಸಿಂಹಾಚಾರ್ಯರು ಅದರ ಬಗ್ಗೆ ಕನ್ನಡದಲ್ಲಿ ಒಂದು ಇಡೀ ಪುಸ್ತಕವನ್ನೇ ಬರೆದಿದ್ದಾರೆ. ಒಂದು ಓಲೆಯಲ್ಲಿ ತಪ್ಪು ಪಾಠ ಕಂಡರೆ ಅದನ್ನು ಸದ್ದಿಲ್ಲದೆ ಸರಿಪಡಿಸಿ ಮುಂದೆ ಹೋಗುವುದು ಸಂಪಾದನೆಯಲ್ಲ. ಇದು ಲಿಪಿಕಾರನ ಕಣ್ತಪ್ಪೆ, ಅವನ ಮುಂದಿದ್ದ ಪ್ರತಿಯದೇ ತಪ್ಪೆ, ಒಂದು ಅಕ್ಷರ ಇನ್ನೊಂದರಂತೆ ಕಂಡದ್ದೆ ಎಂದು ಕೇಳಬೇಕು. ಪಾಠಾಂತರವನ್ನು ಅಡಿಯಲ್ಲಿ ಕಾಣಿಸಬೇಕು. ಅರ್ಥವಾಗದ ಪಾಠಕ್ಕಿಂತ ಸಲೀಸಾಗಿ ಅರ್ಥವಾಗುವ ತಪ್ಪು ಪಾಠ ಹೆಚ್ಚು ಅಪಾಯಕಾರಿ ಎಂಬುದು ಸಂಪಾದಕರಿಗೆ ಹೊಸ ವಿಷಯವಲ್ಲ. ಓಲೆಗರಿಯ ಮುಂದೆ ಇಷ್ಟು ಎಚ್ಚರದಿಂದ ಕೂರುವ ಅದೇ ವಿದ್ವಾಂಸರು, ಅದೇ ಪಠ್ಯ ಕಂಪ್ಯೂಟರಿನಿಂದ ಹೊರಬಂದಾಗ ‘ಔಟ್‌ಪುಟ್ ಬಂತಲ್ಲ’ ಎನ್ನುತ್ತಾರೆ. ಕಂಪ್ಯೂಟರೂ ಒಬ್ಬ ಲಿಪಿಕಾರನೇ. ಅವನ ಕಣ್ತಪ್ಪುಗಳ ಜಾತಿ ಬೇರೆ, ಅಷ್ಟೇ.

ತಪ್ಪನ್ನು ಮುಚ್ಚದೆ ಬದುಕುವುದು ಸಾಧ್ಯ ಎಂಬುದಕ್ಕೆ ಯೂನಿಕೋಡಿನಲ್ಲೇ ಒಂದು ತಮಾಷೆಯ ಉದಾಹರಣೆಯಿದೆ. ನಮ್ಮ ೞಕಾರಕ್ಕೆ ಅಲ್ಲಿ ಇಟ್ಟಿರುವ ಅಧಿಕೃತ ಹೆಸರು ‘ಫ’. ಯಾರೋ ಎಡವಿದ್ದು. ಒಮ್ಮೆ ಇಟ್ಟ ಹೆಸರನ್ನು ಬದಲಿಸುವುದಿಲ್ಲ ಎಂಬುದು ಅವರ ನಿಯಮ. ಹಾಗಾಗಿ ಹೆಸರನ್ನು ಹಾಗೆಯೇ ಬಿಟ್ಟು, ಪಟ್ಟಿಯಲ್ಲಿ ಅದರ ಕೆಳಗೇ ಇದು ತಪ್ಪು ಹೆಸರು ಎಂದು ಟಿಪ್ಪಣಿ ಹಾಕಿದ್ದಾರೆ. ಮುಜುಗರದ ಸಂಗತಿ. ಆದರೆ ಯಾರಿಗೂ ಮೋಸವಿಲ್ಲ.

ನಮ್ಮಲ್ಲಿ ಅಂಥ ಟಿಪ್ಪಣಿಗೆ ಜಾಗವೇ ಇಲ್ಲ. ಆರು ತಿಂಗಳಿಗೊಮ್ಮೆ ತುಂಬುವ ಪ್ರಗತಿ ವರದಿಯ ನಮೂನೆಯಲ್ಲಿ ಪ್ರಕಟಿತ ಲೇಖನ, ಮಂಡಿಸಿದ ಪ್ರಬಂಧ, ಭಾಗವಹಿಸಿದ ಕಮ್ಮಟ ಎಂಬ ಅಂಕಣಗಳಿವೆ. ಹಿಂತೆಗೆದುಕೊಂಡ ಪ್ರಬಂಧ ಎಂಬ ಅಂಕಣವಿಲ್ಲ. ನಾನು ಸಂಕಿರಣದ ಸಂಘಟಕರಿಗೆ ಪತ್ರ ಬರೆದು, ನನ್ನ ಪ್ರಬಂಧದ ಎಣಿಕೆಗಳು ನಂಬುವಂಥವಲ್ಲ, ಸಂಪುಟದಲ್ಲಿ ಅಚ್ಚು ಹಾಕಬೇಡಿ ಎಂದೆ. ಬಂದ ಉತ್ತರ: ‘ಈಗಾಗಲೇ ಪುಟವಿನ್ಯಾಸ ಆಗಿದೆ, ಸಣ್ಣಪುಟ್ಟ ತಪ್ಪುಗಳಿದ್ದರೆ ಮುಂದಿನ ಮುದ್ರಣದಲ್ಲಿ ನೋಡೋಣ.’ ಮತ್ತೆ ಬರೆದೆ. ಪ್ರಬಂಧವನ್ನು ತೆಗೆದರು. ಆ ಅವಧಿಯ ನನ್ನ ವರದಿಯಲ್ಲಿ ಆ ಅಂಕಣ ಖಾಲಿ ಹೋಯಿತು, ಮೇಲೆ ವಿವರಣೆ ಕೇಳುವ ಚೀಟಿಯೂ ಬಂತು. ದುಡಿಮೆಯ ಅತ್ಯಂತ ಪ್ರಾಮಾಣಿಕವಾದ ಆರು ತಿಂಗಳು ಕಾಗದದ ಮೇಲೆ ಸೋಮಾರಿತನವಾಗಿ ನಿಂತಿದೆ. ಇದರಿಂದ ಪಾಠ ಕಲಿಯುವ ಮುಂದಿನ ವಿದ್ಯಾರ್ಥಿ ಯಾವ ಪಾಠ ಕಲಿಯುತ್ತಾನೆ? ಕಾವಲು ಸ್ಕ್ರಿಪ್ಟು ಬರೆಯುವುದನ್ನೇ. ಬೇಡವೆನ್ನಲು ನನ್ನ ಬಳಿ ಈ ಲೇಖನವೊಂದನ್ನು ಬಿಟ್ಟರೆ ಬೇರೇನಿಲ್ಲ.

ಈಗ ಪಠ್ಯಗಳನ್ನೆಲ್ಲ ಮೊದಲಿನಿಂದ ಓಡಿಸುತ್ತಿದ್ದೇನೆ. ಹಳೆಯ ಪಟ್ಟಿ, ಹೊಸ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ವ್ಯತ್ಯಾಸಗಳನ್ನು ಅಚ್ಚಾದ ಪುಸ್ತಕದ ಜೊತೆ ತಾಳೆ ನೋಡುವ ಕೆಲಸ ಕೈಯಿಂದಲೇ ಆಗಬೇಕು. ಕಾವಲು ಸ್ಕ್ರಿಪ್ಟನ್ನು ಅಳಿಸಿದ್ದೇನೆ. ಗಡಿಯ ಆ ಸಾಲಿನ ಮೇಲೆ, ಯಾಕೆ ನಕಲು ಮಾಡಲೇಬೇಕು ಎಂದು ಕನ್ನಡದಲ್ಲೇ ಐದು ಸಾಲಿನ ಟಿಪ್ಪಣಿ ಬರೆದಿದ್ದೇನೆ. ಹಾಗೆ ಬರೆಯುವಾಗ ಹಳೆಯ ಫಂಕ್ಷನ್ನಿನ ಮೇಲೆ ಅದರ ಲೇಖಕರೂ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿಟ್ಟಿದ್ದು ಕಣ್ಣಿಗೆ ಬಿತ್ತು: ಈ ವಿಳಾಸಗಳು ಕಡತ ಮೆಮೊರಿಯಲ್ಲಿರುವ ತನಕ ಮಾತ್ರ ಸಿಂಧು ಎಂಬ ಅರ್ಥದ್ದು. ಅಷ್ಟು ದಿನವೂ ಅದು ಅಲ್ಲೇ ಇತ್ತು. ನಿನ್ನೆ ರಾತ್ರಿ ಇನ್ನೊಂದು ಕಾವ್ಯದ ಕಡತದಲ್ಲಿ ಪ್ರೋಗ್ರಾಮು ಮತ್ತೆ ಬಿದ್ದಿದೆ, ಈ ಸಲ ಅರ್ಕಾವೊತ್ತಿನ ಒಂದು ನಿಯಮದಲ್ಲಿ. ವರದಿಯನ್ನು ಮುದ್ರಿಸಿ ಮೇಜಿನ ಮೇಲಿಟ್ಟಿದ್ದೇನೆ. ಸೋಮವಾರ ಅಲ್ಲಿಂದ ಶುರು.